ಸಾಮಾಜಿಕ ಮಾಧ್ಯಮ ಎಪಿಐಗಳಲ್ಲಿ ದೃಢೀಕರಣ

ಬಳಕೆದಾರನೊಬ್ಬನ ಪರವಾಗಿ ಸಾಮಾಜಿಕ ಜಾಲತಾಣಕ್ಕೆ ಸಂದೇಶ ಹಾಕುವ ಅಥವಾ ಅಲ್ಲಿಂದ ಮಾಹಿತಿ ತರುವ ಹೊರಗಿನ ತಂತ್ರಾಂಶವು ತಾನು ಯಾರು, ಯಾರ ಪರವಾಗಿ ಬಂದಿದ್ದೇನೆ, ಎಷ್ಟರ ಮಟ್ಟಿಗೆ ಅನುಮತಿ ಪಡೆದಿದ್ದೇನೆ ಎಂಬುದನ್ನು ಆ ಜಾಲತಾಣದ ಸರ್ವರ್‌ಗೆ ಸಾಬೀತುಪಡಿಸುವ ಕ್ರಮ. ಎಪಿಐ ಎಂದರೆ ಯಂತ್ರಗಳಿಗಾಗಿ ಇಟ್ಟ ಹಿತ್ತಲ ಬಾಗಿಲು. ಮುಂಬಾಗಿಲಿನಿಂದ ಬರುವ ಮನುಷ್ಯ ಲಾಗಿನ್ ಪುಟದಲ್ಲಿ ಹೆಸರು, ಪಾಸ್‌ವರ್ಡ್ ಒತ್ತುತ್ತಾನೆ. ಹಿತ್ತಲಿನಿಂದ ಬರುವ ಪ್ರೋಗ್ರಾಮು ಏನು ತೋರಿಸಬೇಕು ಎನ್ನುವುದರ ಬಗ್ಗೆ ಡೆವಲಪರ್‌ಗಳು 2006ರ ಸುಮಾರಿನಿಂದ ವಾದಿಸುತ್ತಲೇ ಇದ್ದಾರೆ. ಕನ್ನಡ ಪುಸ್ತಕಗಳಲ್ಲಿ ‘ದೃಢೀಕರಣ’ ಎಂದಿದ್ದರೂ ಈ ಕೆಲಸದಲ್ಲಿರುವವರು ‘ಆಥ್’ ಎನ್ನುತ್ತಾರೆ, ಉಳಿದವರು ‘ಲಾಗಿನ್’ ಎನ್ನುತ್ತಾರೆ. ಹೆಸರು ಏನೇ ಇರಲಿ, ವಾದದ ತಿರುಳು ಒಂದೇ: ಖಾತೆಯ ಕೀಲಿ ಖಾತೆದಾರನ ಬಳಿ ಇರಬೇಕೋ, ಆ್ಯಪ್ ಬರೆದವನ ಬಳಿಯೋ, ಜಾಲತಾಣ ನಡೆಸುವ ಕಂಪನಿಯ ಬಳಿಯೋ?

ಈ ಲೇಖನದ ಉದಾಹರಣೆಗಳು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿಗೆ ಸೇರಿದವು. ಅದಕ್ಕೆ ಕಾರಣವಿದೆ. ಇನ್ನೊಬ್ಬರ ಪರವಾಗಿ, ಇಷ್ಟೇ ಎಂಬ ಮಿತಿಯೊಳಗೆ ವ್ಯವಹಾರ ಮಾಡುವ ಪದ್ಧತಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕಂಪ್ಯೂಟರಿಗಿಂತ ಬಹಳ ಹಳೆಯದು. ರೈತ ದಲಾಲರ ಅಂಗಡಿಯಲ್ಲಿ ಚೀಲ ಇಳಿಸುತ್ತಾನೆ. ಲಾಟ್ ಹಚ್ಚುವುದು, ತೂಕ ಮಾಡಿಸುವುದು, ಖರೀದಿದಾರರಿಗೆ ತೋರಿಸುವುದು, ಲೆಕ್ಕಪಟ್ಟಿ ಬರೆಯುವುದು ದಲಾಲರ ಕೆಲಸ. ಬಂದ ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡುವುದಿಲ್ಲ ಎನ್ನುವ ಹಕ್ಕು ಮಾತ್ರ ರೈತನದು. ಅಂದರೆ ದಲಾಲರಿಗೆ ಸಿಕ್ಕಿದ್ದು ಒಂದು ದಿನದ, ಒಂದು ಲಾಟಿನ, ಒಂದು ಕೆಲಸದ ಅಧಿಕಾರ. ರೈತನ ಹೊಲದ ಪಹಣಿಯನ್ನಾಗಲಿ ಮನೆಯ ಕೀಲಿಯನ್ನಾಗಲಿ ಯಾರೂ ಕೇಳುವುದಿಲ್ಲ. ಈ ಸರಳ ವಿವೇಕವನ್ನು ಯಂತ್ರಕ್ಕೆ ಕಲಿಸಲು ಜಗತ್ತಿನ ಬುದ್ಧಿವಂತ ಡೆವಲಪರ್‌ಗಳಿಗೆ ಹಲವು ವರ್ಷಗಳೇ ಹಿಡಿದವು. 2014ರಲ್ಲಿ ಕರ್ನಾಟಕದ ಎಪಿಎಂಸಿಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂದ ಮೇಲೆ ಖರೀದಿದಾರರು ತಮ್ಮ ತಮ್ಮ ಲಾಗಿನ್‌ನಿಂದಲೇ ಇ-ಟೆಂಡರ್ ದರ ಹಾಕುತ್ತಾರೆ. ಹಾಗಾಗಿ ಪಾಸ್‌ವರ್ಡ್ ಎಂಬ ಮಾತು ಈ ಪೇಟೆಗೆ ಹೊಸದಲ್ಲ.

ಮೊದಲ ಪದ್ಧತಿ ‘ಬೇಸಿಕ್ ಆಥ್’. 2006ರಲ್ಲಿ ಟ್ವಿಟ್ಟರ್ ತನ್ನ ಎಪಿಐ ತೆರೆದಾಗ ಇದ್ದದ್ದು ಇದೇ. ಪ್ರತಿಯೊಂದು ಕೋರಿಕೆಯ ಜೊತೆಗೂ ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್ ಹೋಗುತ್ತಿತ್ತು. ಅವು ಬೇಸ್64 ಎಂಬ ಲಿಪಿಯಲ್ಲಿರುತ್ತಿದ್ದವು. ಅದು ಗುಪ್ತಲಿಪಿಯೇನಲ್ಲ, ಅಕ್ಷರ ಬದಲಿಸಿ ಬರೆಯುವ ಕ್ರಮವಷ್ಟೇ. ಹೈಸ್ಕೂಲು ಹುಡುಗನೂ ಬಿಡಿಸಬಲ್ಲ. ಡೆವಲಪರ್‌ಗಳಿಗೆ ಇದು ಅಚ್ಚುಮೆಚ್ಚು. ಒಂದೇ ಸಾಲಿನ ಆಜ್ಞೆಯಲ್ಲಿ ಟ್ವೀಟ್ ಹೋಗುತ್ತಿತ್ತು, ಹೊಸಬನೊಬ್ಬ ಮಧ್ಯಾಹ್ನ ಕಲಿತು ಸಂಜೆಗೆ ಆ್ಯಪ್ ಬರೆಯಬಹುದಿತ್ತು. ಆರಂಭದ ವರ್ಷಗಳಲ್ಲಿ ಟ್ವಿಟ್ಟರ್ ಸುತ್ತ ಅಷ್ಟೊಂದು ಆ್ಯಪ್‌ಗಳು ಹುಟ್ಟಲು ಈ ಸರಾಗವೂ ಒಂದು ಕಾರಣ.

ಇದರ ದೋಷ ಕಾಣಲು ಬ್ಯಾಡಗಿಯ ಒಂದು ದಲಾಲಿ ಅಂಗಡಿಯನ್ನು ಊಹಿಸಿಕೊಂಡರೆ ಸಾಕು. ಗಾದಿಯ ಮೇಲೆ ಸಾಹುಕಾರರು, ಪಕ್ಕದಲ್ಲಿ ಗುಮಾಸ್ತ. ಟೆಂಡರ್ ಮುಗಿದ ಮೇಲೆ ಡಬ್ಬಿ ತಳಿಯ ಮೆಣಸಿನಕಾಯಿಗೆ ದರ ಎಷ್ಟು, ಕಡ್ಡಿ ತಳಿಗೆ ಎಷ್ಟು ಎಂದು ಅಂಗಡಿಯ ಪುಟದಲ್ಲಿ ಹಾಕಬೇಕು. ಮೊಬೈಲ್ ಅಂಗಡಿಯ ಹುಡುಗ ಬಂದು, “ಎಲ್ಲಾ ಕಡೆ ಒಮ್ಮೆಲೇ ರೇಟ್ ಹಾಕೋ ಆ್ಯಪ್ ಐತ್ರಿ, ಪಾಸ್‌ವರ್ಡ್ ಹೇಳ್ರಿ, ನಾ ಕೂಡಿಸಿ ಕೊಡ್ತೀನಿ” ಅನ್ನುತ್ತಾನೆ. ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದಿದೆ, ಓದಿ ಹೇಳುತ್ತಾರೆ. ಅಂದಿನಿಂದ ಆ ಪಾಸ್‌ವರ್ಡ್ ಕ್ಯಾಲೆಂಡರಿನಲ್ಲಿ, ಹುಡುಗನ ಫೋನಿನಲ್ಲಿ, ಎಲ್ಲೋ ಇರುವ ಆ್ಯಪ್ ಕಂಪನಿಯ ಡೇಟಾಬೇಸಿನಲ್ಲಿ, ಹೀಗೆ ಮೂರು ಕಡೆ ಇದೆ. ಆ್ಯಪ್ ಬೇಡವೆನಿಸಿದರೆ ತೆಗೆದುಹಾಕುವ ದಾರಿ ಒಂದೇ, ಪಾಸ್‌ವರ್ಡ್ ಬದಲಿಸುವುದು. ಬದಲಿಸಿದೊಡನೆ ಉಳಿದ ಆ್ಯಪ್‌ಗಳೂ ಕೆಟ್ಟು ನಿಲ್ಲುತ್ತವೆ. ಯಾರದೋ ಕೈ ಸೇರಿದ ಖಾತೆಯಿಂದ ಒಂದು ಸುಳ್ಳು ದರ ಹೊರಬಿದ್ದರೆ ಅದರ ಪರಿಣಾಮ ಸಣ್ಣದಲ್ಲ. 2024ರ ಮಾರ್ಚ್ 11ರ ಸೋಮವಾರ, ದರ ದಿಢೀರನೆ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಅಂದಿನ ಘಟನೆಗೂ ಜಾಲತಾಣಕ್ಕೂ ನಂಟು ಕಲ್ಪಿಸುವ ಉದ್ದೇಶವಿಲ್ಲ. ದರದ ಸುದ್ದಿ ಈ ಊರಿನಲ್ಲಿ ಎಷ್ಟು ಬಿಸಿ ಎಂಬುದಕ್ಕೆ ಈ ಮಾತು.

ಪಾಸ್‌ವರ್ಡ್ ಕೊಡದೆ ಅನುಮತಿ ಮಾತ್ರ ಕೊಡುವ ಉಪಾಯಗಳು ಆಗಲೇ ಇದ್ದವು. ಫ್ಲಿಕರ್, ಗೂಗಲ್, ಯಾಹೂ ತಂತಮ್ಮದೇ ಕ್ರಮ ಮಾಡಿಕೊಂಡಿದ್ದವು. ಆದರೆ ಒಂದರ ಕ್ರಮ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ. 2006ರ ಕೊನೆಯಲ್ಲಿ ಟ್ವಿಟ್ಟರ್‌ನ ಬ್ಲೇನ್ ಕುಕ್, ಕ್ರಿಸ್ ಮೆಸ್ಸಿನಾ ಮೊದಲಾದವರು ಎಲ್ಲರಿಗೂ ಒಂದೇ ಕ್ರಮ ಬೇಕೆಂದು ಚರ್ಚೆ ಆರಂಭಿಸಿದರು. 2007ರ ಡಿಸೆಂಬರಿನಲ್ಲಿ ‘ಓಆಥ್ 1.0’ ಅಂತಿಮ ರೂಪಕ್ಕೆ ಬಂತು. ಇದರಲ್ಲಿ ಆ್ಯಪ್ ಬಳಕೆದಾರನನ್ನು ಜಾಲತಾಣದ ಪುಟಕ್ಕೇ ಕಳಿಸುತ್ತದೆ. ಆತ ಅಲ್ಲೇ ಲಾಗಿನ್ ಆಗಿ ‘ಅನುಮತಿಸು’ ಒತ್ತುತ್ತಾನೆ. ಜಾಲತಾಣ ಆ್ಯಪ್‌ಗೆ ಟೋಕನ್ ಎಂಬ ಚೀಟಿ ಕೊಡುತ್ತದೆ. ಪಾಸ್‌ವರ್ಡ್ ಆ್ಯಪ್‌ನ ಕಣ್ಣಿಗೆ ಬೀಳುವುದೇ ಇಲ್ಲ. ಬೇಡವಾದಾಗ ಆ ಒಂದು ಚೀಟಿಯನ್ನು ರದ್ದು ಮಾಡಿದರೆ ಉಳಿದವು ನಡೆಯುತ್ತಲೇ ಇರುತ್ತವೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರ ಪುಟವನ್ನು ಮೂವರು ಹುಡುಗರು ನೋಡಿಕೊಳ್ಳುತ್ತಿದ್ದು, ಅವರಲ್ಲೊಬ್ಬ ಕೆಲಸ ಬಿಟ್ಟು ಎದುರಿನ ಅಂಗಡಿ ಸೇರಿದನೆನ್ನಿ. ಆಗ ಈ ಏರ್ಪಾಟಿನ ಬೆಲೆ ತಿಳಿಯುತ್ತದೆ.

ಹೊಸ ಕ್ರಮವೂ ನಿರ್ದೋಷಿಯಾಗಿರಲಿಲ್ಲ. 2009ರ ಏಪ್ರಿಲಿನಲ್ಲಿ ಒಂದು ಬಿರುಕು ಹೊರಬಿತ್ತು: ಕಳ್ಳ ತಾನೇ ಅನುಮತಿಯ ಕೋರಿಕೆ ಆರಂಭಿಸಿ, ಅರ್ಧ ದಾರಿಯಲ್ಲಿ ಅದರ ಕೊಂಡಿಯನ್ನು ಬೇರೆಯವರಿಗೆ ಕಳಿಸಿ ‘ಅನುಮತಿಸು’ ಒತ್ತಿಸಿಕೊಂಡರೆ ಅವರ ಖಾತೆ ಆ್ಯಪ್‌ನಲ್ಲಿರುವ ಇವನ ಖಾತೆಗೆ ಅಂಟಿಕೊಳ್ಳುತ್ತಿತ್ತು. ತನ್ನ ಹೆಸರಿನ ಕಾಗದಕ್ಕೆ ಮತ್ತೊಬ್ಬರ ಸಹಿ ಮಾಡಿಸಿಕೊಂಡ ಹಾಗೆ. ಜೂನ್ ಹೊತ್ತಿಗೆ 1.0ಎ ಎಂಬ ತಿದ್ದುಪಡಿ ಬಂತು. ಅನುಮತಿ ಕೊಟ್ಟವನೇ ಆ್ಯಪ್‌ಗೆ ಮರಳಿದ್ದಾನೆಂದು ತೋರಿಸುವ ಪರೀಕ್ಷಾ ಸಂಖ್ಯೆಯೊಂದು ಸೇರಿತು. 2010ರ ಏಪ್ರಿಲಿನಲ್ಲಿ ಇದು ಆರ್‌ಎಫ್‌ಸಿ ಎಂಬ ಅಂತರಜಾಲ ತಾಂತ್ರಿಕ ದಾಖಲೆಗಳ ಸಾಲಿನಲ್ಲಿ ಆರ್‌ಎಫ್‌ಸಿ 5849 ಎಂದು ದಾಖಲಾಯಿತು.

ಡೆವಲಪರ್‌ಗಳನ್ನು ಇದಕ್ಕಿಂತ ಹೆಚ್ಚು ಕಾಡಿದ್ದು ಸಹಿ. ಓಆಥ್ 1.0ರಲ್ಲಿ ಪ್ರತಿ ಕೋರಿಕೆಗೂ ಗಣಿತದ ಸಹಿ ಬೇಕು. ಕೋರಿಕೆಯ ಎಲ್ಲ ಅಂಶಗಳನ್ನು ಅಕಾರಾದಿಯಾಗಿ ಜೋಡಿಸಿ, ಶೇಕಡಾ ಚಿಹ್ನೆಯ ಲಿಪಿಗೆ ತಿರುಗಿಸಿ, ವೇಳೆಯನ್ನೂ ಒಮ್ಮೆ ಮಾತ್ರ ಬಳಸುವ ಒಂದು ಯಾದೃಚ್ಛಿಕ ಸಂಖ್ಯೆಯನ್ನೂ ಸೇರಿಸಿ, ಗುಟ್ಟಿನ ಕೀಲಿಯಿಂದ ಲೆಕ್ಕ ಹಾಕಬೇಕು. ಒಂದು ಚುಕ್ಕೆ ತಪ್ಪಿದರೂ ಸರ್ವರ್ 401, ಅಂದರೆ ದೃಢೀಕರಣವಾಗಿಲ್ಲ ಎಂದು ಹಿಂದಕ್ಕೆ ಕಳಿಸುತ್ತದೆ, ಎಲ್ಲಿ ತಪ್ಪಾಯಿತೆಂದು ಹೇಳುವುದಿಲ್ಲ. ಒಳಗಿನ ಬ್ಯಾಟರಿ ಸತ್ತು, ಕರೆಂಟು ಹೋಗಿ ಬಂದಾಗಲೆಲ್ಲ ಹಳೆಯ ತಾರೀಖಿಗೆ ಹಾರುವ ಕಂಪ್ಯೂಟರಿನಿಂದ ಕಳಿಸಿದ ಕೋರಿಕೆ ಸಹಿ ಸರಿಯಿದ್ದರೂ ತಿರಸ್ಕೃತವಾಗುತ್ತದೆ, ಏಕೆಂದರೆ ವೇಳೆ ತಾಳೆಯಾಗುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ಸುತ್ತು ಇದೆ. ‘ಬ್ಯಾಡಗಿ’ ಎಂಬ ಪದ ಕಣ್ಣಿಗೆ ಮೂರಕ್ಷರ. ಯೂನಿಕೋಡ್‌ನಲ್ಲಿ ಬ, ವಿರಾಮ, ಯ, ದೀರ್ಘ, ಡ, ಗ, ಗುಡಿಸು ಎಂದು 7 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 21. ಶೇಕಡಾ ಲಿಪಿಗೆ ತಿರುಗಿಸಿದರೆ 63 ಚಿಹ್ನೆ. ಸಹಿಗೆಂದು ಇಡೀ ಸಾಲನ್ನು ಮತ್ತೊಮ್ಮೆ ತಿರುಗಿಸಬೇಕು, ಆಗ ಪ್ರತಿ ಶೇಕಡಾ ಚಿಹ್ನೆ %25 ಆಗಿ 105ಕ್ಕೆ ಏರುತ್ತದೆ. ಎರಡನೇ ಸಲ ತಿರುಗಿಸುವುದನ್ನು ಮರೆತ ಲೈಬ್ರರಿ ಇಂಗ್ಲಿಷ್ ಪದವೊಂದನ್ನೇ ಕಳಿಸುವ ತನಕ ಸರಿಯಾಗೇ ಕಾಣುತ್ತದೆ. ಕನ್ನಡದ ಮೊದಲ ಪದಕ್ಕೇ ಮುಗ್ಗರಿಸುತ್ತದೆ.

‘ಹಾವೇರಿ’ಯದು ಇನ್ನೂ ಸೂಕ್ಷ್ಮ. ಅದರಲ್ಲಿರುವ ಏತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವ ಎತ್ವ ಮತ್ತು ದೀರ್ಘಚಿಹ್ನೆ ಎಂದು ಎರಡು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮ ಎನ್ನುತ್ತದೆ, ಪರದೆಯ ಮೇಲೆ ಎರಡೂ ಒಂದೇ. ಆದರೆ ಒಂದರಲ್ಲಿ 18 ಬೈಟ್, ಇನ್ನೊಂದರಲ್ಲಿ 21. ಒಂದು ರೂಪಕ್ಕೆ ಸಹಿ ಹಾಕಿ ಮಧ್ಯದ ಯಾವುದೋ ತಂತ್ರಾಂಶ ಅದನ್ನು ಇನ್ನೊಂದು ರೂಪಕ್ಕೆ ತಿರುಗಿಸಿ ಕಳಿಸಿದರೆ ಸಹಿ ಸುಳ್ಳಾಗುತ್ತದೆ. ‘ಬ್ಯಾಡಗಿ’ಯಲ್ಲಿ ಹೀಗೆ ಒಡೆಯುವ ಚಿಹ್ನೆಯೇ ಇಲ್ಲದ ಕಾರಣ ಅದು ಪಾರು. ‘ರಾಣೆಬೆನ್ನೂರು’ ಎಂದು ಹ್ರಸ್ವದಲ್ಲಿ ಬರೆದರೆ ಪಾರು, ‘ರಾಣೇಬೆನ್ನೂರು’ ಎಂದು ದೀರ್ಘದಲ್ಲಿ ಬರೆದರೆ ಹಾವೇರಿಯ ಪಾಡೇ. ಊರ ಹೆಸರಿನ ಕಾಗುಣಿತದ ಬಗ್ಗೆ ಅಲ್ಲಿನವರಲ್ಲೇ ಒಮ್ಮತವಿಲ್ಲದಿರುವಾಗ ಸರ್ವರ್ ಏನು ಮಾಡೀತು! ಸಹಿ ಹಾಕುವ ಮುನ್ನವೇ ಪಠ್ಯವನ್ನು ಕೂಡಿದ ರೂಪಕ್ಕೆ ತಂದುಕೊಳ್ಳುವುದು ಇದಕ್ಕೆ ಪರಿಹಾರ.

ಟ್ವಿಟ್ಟರ್‌ನಲ್ಲಿ ಇನ್ನೂ ಬೇಸಿಕ್ ಆಥ್ ನಡೆಯುತ್ತಿದ್ದ 2009ರ ಜನವರಿಯಲ್ಲಿ ಅಲ್ಲಿನ 33 ಪ್ರಸಿದ್ಧ ಖಾತೆಗಳು ಹ್ಯಾಕ್ ಆದವು. ಬರಾಕ್ ಒಬಾಮಾ ಅವರದೂ ಅದರಲ್ಲಿತ್ತು. ಕಳ್ಳ ಒಳಬಂದದ್ದು ಕಂಪನಿಯ ಸಿಬ್ಬಂದಿ ಬಳಸುವ ಸಾಧನದ ಮೂಲಕ, ಆದ್ದರಿಂದ ಓಆಥ್ ಇದ್ದಿದ್ದರೂ ಅದು ತಪ್ಪುತ್ತಿರಲಿಲ್ಲ. ಆದರೂ ಪಾಸ್‌ವರ್ಡ್ ಹಂಚಿಕೆಯ ಬಗ್ಗೆ ಕೂಗು ಜೋರಾಯಿತು. ಬೇಸಿಕ್ ಆಥ್ ಅನ್ನು 2010ರ ಜೂನ್ ಕೊನೆಗೆ ನಿಲ್ಲಿಸುವುದಾಗಿ ಟ್ವಿಟ್ಟರ್ ಸಾರಿತು. ವಿಶ್ವಕಪ್ ಫುಟ್‌ಬಾಲಿನ ದಟ್ಟಣೆ ಅಡ್ಡಬಂದು ಗಡುವು ಮುಂದಕ್ಕೆ ಹೋಯಿತು, ಆಗಸ್ಟ್ 31ಕ್ಕೆ ಬಾಗಿಲು ಪೂರ್ತಿ ಮುಚ್ಚಿತು. ಬದಲಾಗದೆ ಉಳಿದ ಎಷ್ಟೋ ಸಣ್ಣ ಆ್ಯಪ್‌ಗಳು ಅಂದೇ ಸತ್ತವು.

ಓಆಥ್‌ಗೆ ಬದಲಾದವರ ತಕರಾರು ಬೇರೆ. ಸಹಿ ಹಾಕಲು ಆ್ಯಪ್‌ನೊಳಗೇ ಗುಟ್ಟಿನ ಕೀಲಿ ಇಡಬೇಕಿತ್ತು. ಫೋನಿಗೆ ಇಳಿಸಿಕೊಳ್ಳುವ ಆ್ಯಪ್‌ನಲ್ಲಾಗಲಿ, ಎಲ್ಲರೂ ಓದಬಹುದಾದ ಮುಕ್ತ ತಂತ್ರಾಂಶದಲ್ಲಾಗಲಿ ಗುಟ್ಟು ಗುಟ್ಟಾಗಿ ಉಳಿಯುವುದು ಹೇಗೆ? 2013ರ ಮಾರ್ಚಿನಲ್ಲಿ ಟ್ವಿಟ್ಟರ್‌ನ ಸ್ವಂತ ಆ್ಯಪ್‌ಗಳ ಕೀಲಿಗಳೇ ಬಹಿರಂಗವಾದವು. ವಾದದಲ್ಲಿ ಸಂದೇಹವಾದಿಗಳು ಗೆದ್ದ ದಿನ ಅದು.

ಸಹಿಯ ಕಾಟ ತಪ್ಪಿಸಲು ಬಂದದ್ದು ಓಆಥ್ 2.0. ಫೇಸ್‌ಬುಕ್ 2010ರ ಏಪ್ರಿಲಿನಲ್ಲೇ ಇದರ ಕರಡನ್ನು ಬಳಸತೊಡಗಿತು. 2012ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 6749 ಮತ್ತು 6750 ಹೊರಬಂದವು. ಇಲ್ಲಿ ಸಹಿಯಿಲ್ಲ, ‘ಬೇರರ್ ಟೋಕನ್’ ಮಾತ್ರ. ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಹೆಸರೇ ಅರ್ಥ ಹೇಳುತ್ತದೆ. ‘ಅಕೌಂಟ್ ಪೇಯೀ’ ಎಂದು ಕ್ರಾಸ್ ಮಾಡಿದ ಚೆಕ್ ಹೆಸರಿದ್ದವರ ಖಾತೆಗೇ ಹೋಗಬೇಕು. ಬೇರರ್ ಚೆಕ್ ಯಾರ ಕೈಯಲ್ಲಿದೆಯೋ ಅವರಿಗೆ ದುಡ್ಡು. ದಾರಿಯಲ್ಲಿ ಕದಿಯದಂತೆ ಕಾಯುವ ಹೊಣೆ ಪೂರ್ತಿಯಾಗಿ ಎಚ್‌ಟಿಟಿಪಿಎಸ್ ಎಂಬ ಗುಪ್ತಲಿಪಿ ಸಂಪರ್ಕದ ಮೇಲೆ ಬಿತ್ತು. ಇದೇ ವಿಷಯದಲ್ಲಿ ದೊಡ್ಡ ಜಗಳವಾಗಿ, ಕರಡಿನ ಮುಖ್ಯ ಸಂಪಾದಕ ಎರನ್ ಹ್ಯಾಮರ್ 2012ರ ಜುಲೈನಲ್ಲಿ ಹೊಣೆ ಬಿಟ್ಟು ತಮ್ಮ ಹೆಸರನ್ನೂ ತೆಗೆಸಿದರು. ದೊಡ್ಡ ಕಂಪನಿಗಳ ಅನುಕೂಲಕ್ಕಾಗಿ ಕ್ರಮವನ್ನು ಸಡಿಲಗೊಳಿಸಲಾಗಿದೆ, ಸರಿಯಾಗಿ ಅಳವಡಿಸುವುದು ಸಾಮಾನ್ಯ ಡೆವಲಪರ್‌ಗೆ ಕಷ್ಟ ಎಂಬುದು ಅವರ ಆಕ್ಷೇಪದ ಸಾರ. ಬಳಸುವವರು ಮಾತ್ರ ಅತ್ತಲೇ ಹೋದರು, ಏಕೆಂದರೆ ಅದು ಸುಲಭ. ಆಕ್ಷೇಪ ಪೊಳ್ಳಾಗಿರಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್‌ನ ಒಂದು ದೋಷದಿಂದ ಟೋಕನ್‌ಗಳು ಕಳುವಾದವು. ಮೊದಲು 5 ಕೋಟಿ ಎಂದು ಹೇಳಿದ ಕಂಪನಿ ಆಮೇಲೆ ಸುಮಾರು 3 ಕೋಟಿ ಎಂದು ತಿದ್ದಿತು. ಪಾಸ್‌ವರ್ಡ್ ಒಂದೂ ಹೋಗಿರಲಿಲ್ಲ, ಹೋಗುವ ಅಗತ್ಯವೂ ಇರಲಿಲ್ಲ. ಫೋನ್ ಆ್ಯಪ್‌ಗಳಲ್ಲಿ ಗುಟ್ಟು ಉಳಿಯದೆಂಬ ಹಳೆಯ ತಕರಾರಿಗೆ 2015ರಲ್ಲಿ ಪಿಕ್ಸಿ ಎಂಬ ಉತ್ತರ ಬಂತು: ಆ್ಯಪ್ ಪ್ರತಿ ಲಾಗಿನ್‌ಗೂ ಆ ಕ್ಷಣಕ್ಕೆ ಹೊಸ ಗುಟ್ಟು ಹುಟ್ಟಿಸಿಕೊಂಡು, ಮೊದಲು ಅದರ ಅಚ್ಚನ್ನು ಮಾತ್ರ ಕಳಿಸಿ ಆಮೇಲೆ ಗುಟ್ಟನ್ನು ತೋರಿಸುತ್ತದೆ.

ಟೋಕನ್ ಎಷ್ಟು ಭದ್ರ ಎಂಬುದರ ಜೊತೆಗೆ, ಅದರಲ್ಲಿ ಏನೇನು ಬರೆದಿದೆ ಎಂಬುದೂ ಮುಖ್ಯ. ಇದಕ್ಕೆ ‘ಸ್ಕೋಪ್’, ಅಂದರೆ ಅನುಮತಿಯ ವ್ಯಾಪ್ತಿ ಎನ್ನುತ್ತಾರೆ. ಹಾವೇರಿಯಲ್ಲಿ ಏಲಕ್ಕಿ ಹಾರ ಮಾಡುವ ಅಂಗಡಿಯವರಿಗೆ ತಮ್ಮ ಹಾರದ ಚಿತ್ರ ಹಾಕುವ ಆ್ಯಪ್ ಬೇಕು. ಆ ಆ್ಯಪ್ ಚಿತ್ರ ಹಾಕುವ ಅನುಮತಿ ಕೇಳಿದರೆ ಸರಿ. ಖಾಸಗಿ ಸಂದೇಶ ಓದುವ, ಗೆಳೆಯರ ಪಟ್ಟಿ ನೋಡುವ ಅನುಮತಿಯನ್ನೂ ಕೇಳಿದರೆ ಯಾಕೆ ಎಂದು ಕೇಳಬೇಕು. ಯಾರೂ ಕೇಳುವುದಿಲ್ಲ. ನೀಲಿ ಗುಂಡಿ ಕಂಡೊಡನೆ ಬೆರಳು ಅಲ್ಲಿಗೆ ಹೋಗುತ್ತದೆ. ಕೇಂಬ್ರಿಜ್ ಅನಾಲಿಟಿಕಾ ಪ್ರಕರಣದಲ್ಲಿ ಒಂದು ರಸಪ್ರಶ್ನೆ ಆ್ಯಪ್‌ಗೆ ಅನುಮತಿ ಕೊಟ್ಟವರು 2.7 ಲಕ್ಷದಷ್ಟು ಜನ. ಗೆಳೆಯರ ಮಾಹಿತಿಯೂ ಸಿಗುತ್ತಿದ್ದ ಕಾರಣ ಅದರ ಬಲೆಗೆ ಬಿದ್ದವರು 8.7 ಕೋಟಿ ತನಕ ಎಂದು ಫೇಸ್‌ಬುಕ್ ಅಂದಾಜಿಸಿತು. ಅಲ್ಲಿ ದೃಢೀಕರಣ ಕ್ರಮಬದ್ಧವಾಗಿಯೇ ನಡೆದಿತ್ತು. ಅನುಮತಿ ಅತಿಯಾಗಿತ್ತು, ಅಷ್ಟೇ.

ಭಾರತದಲ್ಲಿ ಈ ಚರಿತ್ರೆಗೆ ಒಂದು ಅಡ್ಡದಾರಿ ಸೇರಿಕೊಂಡಿತು, ಅದು ಓಟಿಪಿ. 2020ರಲ್ಲಿ ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಆರಂಭಿಸಿದ ‘ಕೂ’ ಮೊದಲು ಕನ್ನಡದಲ್ಲೇ ಬಂದ ಜಾಲತಾಣ. ಫೋನ್ ಸಂಖ್ಯೆ ಕೊಟ್ಟು ಓಟಿಪಿ ಹಾಕಿದರೆ ಒಳಗೆ. ಪಾಸ್‌ವರ್ಡ್ ನೆನಪಿಡದ, ಇಮೇಲ್ ಇಲ್ಲದ ಜನರಿಗೆ ಇದು ದೊಡ್ಡ ಅನುಕೂಲವಾಗಿತ್ತು. 2022ರಲ್ಲಿ ಗುರುತಿನ ಚೀಟಿ ಆಧಾರದ ಸ್ವಯಂ ದೃಢೀಕರಣವನ್ನೂ ಕೂ ತಂದಿತು. 2024ರ ಜುಲೈನಲ್ಲಿ ಅದು ಮುಚ್ಚಿತು, ಮುಚ್ಚಿದ ಕಾರಣ ಲಾಗಿನ್ ಅಲ್ಲ, ಹಣ.

ಓಟಿಪಿ ಸಾಬೀತುಪಡಿಸುವುದು ಸಿಮ್ ಯಾವ ಫೋನಿನಲ್ಲಿದೆ ಎಂಬುದನ್ನು ಮಾತ್ರ, ಮನುಷ್ಯನನ್ನಲ್ಲ. ಹಳ್ಳಿಯಲ್ಲಿ ಫೋನ್ ಮಗನ ಕೈಯಲ್ಲಿರುತ್ತದೆ, ಸಿಮ್ ಅಪ್ಪನ ಹೆಸರಿನಲ್ಲಿ. “ಕಾಕಾ, ಓಟಿಪಿ ಬಂತೇನ್ರಿ? ಹೇಳ್ರಿ ಲಗೂನ” ಎಂದು ಅಂಗಡಿಯವನು ಕೇಳುತ್ತಾನೆ, ಕಾಕಾ ಗಟ್ಟಿಯಾಗಿ ಓದಿ ಹೇಳುತ್ತಾರೆ, ಸರದಿಯಲ್ಲಿ ನಿಂತ ನಾಲ್ವರು ಕೇಳಿಸಿಕೊಳ್ಳುತ್ತಾರೆ. ಹೀಗೆ ಓದಿ ಹೇಳಿದ ಓಟಿಪಿಗೆ ವ್ಯಾಪ್ತಿಯಿಲ್ಲ, ಇಡೀ ಖಾತೆಯೇ ಎದುರಿನವನ ಕೈಗೆ ಹೋಗುತ್ತದೆ. ಬೇಸಿಕ್ ಆಥ್‌ನ ಹಳೆಯ ಪಾಪ ಹೊಸ ಅಂಗಿ ತೊಟ್ಟು ಬಂದಿದೆ ಎಂದೇ ಹೇಳಬೇಕು. ಸಂದೇಶ ತಲುಪದಿದ್ದರಂತೂ ಬಾಗಿಲೇ ಇಲ್ಲ: 2021ರ ಮಾರ್ಚ್ 8ರಂದು ವಾಣಿಜ್ಯ ಎಸ್ಸೆಮ್ಮೆಸ್‌ಗಳ ನೋಂದಣಿ ನಿಯಮವನ್ನು ಬಿಗಿಗೊಳಿಸಿದಾಗ ದೇಶದಾದ್ಯಂತ ಓಟಿಪಿಗಳು ನಿಂತುಹೋಗಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಆ ಜಾರಿಯನ್ನು ಒಂದು ವಾರ ತಡೆಹಿಡಿಯಬೇಕಾಯಿತು. ಪೇಟೆಯ ದರದ ಸುದ್ದಿ ಹೆಚ್ಚಾಗಿ ಹರಿಯುವ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಖಾತೆಗೆ ಅಧಿಕೃತ ಎಪಿಐ ಇಲ್ಲ, ವ್ಯಾಪಾರಿ ಖಾತೆಗಳಿಗೆ ಮಾತ್ರ ಇದೆ. ಹಾಗಾಗಿ ಕ್ಯೂಆರ್ ಸ್ಕ್ಯಾನ್ ಮಾಡಿಸಿಕೊಂಡು ‘ಲಿಂಕ್ ಆದ ಸಾಧನ’ದಂತೆ ನಟಿಸುವ ಅನಧಿಕೃತ ಲೈಬ್ರರಿಗಳ ಮೊರೆ ಹೋಗುವವರಿದ್ದಾರೆ. ಸಿಕ್ಕಿಬಿದ್ದರೆ ಸಂಖ್ಯೆಯೇ ನಿಷೇಧವಾಗುತ್ತದೆ.

ಬಳಕೆದಾರನ ರಕ್ಷಣೆಗೆಂದು ತಂದ ಕೀಲಿ ಕಂಪನಿಯ ಕೈಗೂ ಒಂದು ಹಿಡಿತ ಕೊಟ್ಟಿತು. ಬೇಸಿಕ್ ಆಥ್ ಕಾಲದಲ್ಲಿ ಯಾವ ಆ್ಯಪ್ ಬಂದಿದೆ ಎಂದು ಖಚಿತವಾಗಿ ಹೇಳುವುದು ಟ್ವಿಟ್ಟರ್‌ಗೆ ಕಷ್ಟವಿತ್ತು. ಓಆಥ್‌ನಲ್ಲಿ ಪ್ರತಿ ಆ್ಯಪ್ ನೋಂದಣಿಯಾಗಿ ತನ್ನದೇ ಕೀಲಿ ಪಡೆಯಬೇಕು, ಕೀಲಿ ಕಸಿದುಕೊಂಡರೆ ಆ್ಯಪ್ ಮುಗಿಯಿತು. 2012ರ ಆಗಸ್ಟಿನಲ್ಲಿ ಹೊರಗಿನ ಆ್ಯಪ್‌ಗಳಿಗೆ 1 ಲಕ್ಷ ಬಳಕೆದಾರರ ಮಿತಿ ಬಂತು. ಎಪಿಐ 1.1ರಲ್ಲಿ, ಎಲ್ಲರಿಗೂ ಕಾಣುವ ಟ್ವೀಟ್ ಓದಲೂ ಟೋಕನ್ ಕಡ್ಡಾಯವಾಯಿತು. 2023ರ ಜನವರಿಯಲ್ಲಿ ಟ್ವೀಟ್‌ಬಾಟ್, ಟ್ವಿಟ್ಟರಿಫಿಕ್ ಮೊದಲಾದವುಗಳ ಕೀಲಿಗಳು ಸೂಚನೆಯಿಲ್ಲದೆ ನಿಂತವು, ಕೆಲವು ದಿನಗಳ ಮೇಲೆ ನಿಯಮವನ್ನೇ ತಿದ್ದಿ ಅಂಥ ಆ್ಯಪ್‌ಗಳನ್ನು ನಿಷೇಧಿಸಲಾಯಿತು. ಅದೇ ವರ್ಷದ ಮಾರ್ಚಿನಲ್ಲಿ ಬಂದ ಹೊಸ ದರಪಟ್ಟಿಯಲ್ಲಿ ಮೊದಲ ಪಾವತಿ ಹಂತಕ್ಕೆ ತಿಂಗಳಿಗೆ 100 ಡಾಲರ್ ಇತ್ತು. ಹವ್ಯಾಸಕ್ಕೆ ಬಾಟ್ ಬರೆಯುವ ಕಾಲೇಜು ಹುಡುಗರಿಗೆ ಅಲ್ಲಿಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿತು. ಭದ್ರತೆಯ ವಾದ ಗೆದ್ದವರೇ ಸ್ವಾತಂತ್ರ್ಯದ ವಾದದಲ್ಲಿ ಸೋತರು.

ಒಂದೇ ಕಂಪನಿಯ ಅಧೀನದಲ್ಲಿ ಇರಬಾರದೆಂದು ಕಟ್ಟಿದ ಜಾಲಗಳಲ್ಲಿ ವಾದ ಮತ್ತೆ ಮೊದಲಿನಿಂದ ಆರಂಭವಾಗಿದೆ. 2016ರಲ್ಲಿ ಬಂದ ಮ್ಯಾಸ್ಟಡಾನ್‌ಗೆ ಸಾವಿರಾರು ಸರ್ವರ್‌ಗಳು, ಆದ್ದರಿಂದ ಆ್ಯಪ್ ತಾನು ಹೋದ ಸರ್ವರ್‌ನಲ್ಲಿ ಆಗಿಂದಾಗಲೇ ನೋಂದಾಯಿಸಿಕೊಂಡು ಓಆಥ್ 2.0ರಲ್ಲಿ ಮುಂದುವರಿಯುತ್ತದೆ. ಬ್ಲೂಸ್ಕೈ ಮೊದಲು ‘ಆ್ಯಪ್ ಪಾಸ್‌ವರ್ಡ್’ ಎಂಬ ನಡುವಿನ ದಾರಿ ಹಿಡಿಯಿತು: ಮುಖ್ಯ ಪಾಸ್‌ವರ್ಡ್ ಬಿಟ್ಟು, ಒಂದೊಂದು ಆ್ಯಪ್‌ಗೆ ಒಂದೊಂದು, ಬೇಡವಾದಾಗ ಅಳಿಸಬಹುದಾದ್ದು. 2024ರಲ್ಲಿ ಅದೂ ಓಆಥ್‌ಗೆ ಬಂತು, ಜೊತೆಗೆ ಡಿಪಾಪ್ ಎಂಬ ಕ್ರಮವನ್ನು ಕಡ್ಡಾಯ ಮಾಡಿತು. ಅದರಲ್ಲಿ ಆ್ಯಪ್ ಪ್ರತಿ ಕೋರಿಕೆಗೂ ತನ್ನ ಕೀಲಿಯಿಂದ ಸಹಿ ಹಾಕಬೇಕು, ಕದ್ದ ಟೋಕನ್ ಬರಿಯ ಕಾಗದ. ಹ್ಯಾಮರ್ ಬಿಟ್ಟುಹೋದ ಸಹಿ ಹನ್ನೆರಡು ವರ್ಷ ಸುತ್ತಾಡಿ ಮನೆಗೆ ಮರಳಿದೆ.

ಈಗ ಹೊಸದಾಗಿ ಕೆಲಸಕ್ಕಿಳಿಯುವ ಡೆವಲಪರ್‌ಗೆ ಆಯ್ಕೆ ಅಷ್ಟೇನೂ ಗೊಂದಲವಲ್ಲ. ಬೇರೆಯವರ ಖಾತೆಯನ್ನು ಮುಟ್ಟುವ ಆ್ಯಪ್ ಆದರೆ ಪಿಕ್ಸಿ ಸಹಿತ ಓಆಥ್ 2.0, ಬೇಕಾದಷ್ಟೇ ವ್ಯಾಪ್ತಿ, ಬೇಗ ಮುಗಿಯುವ ಟೋಕನ್. ತನ್ನದೇ ಒಂದು ಖಾತೆಗೆ ದಿನದ ದರ ಹಾಕುವ ಸಣ್ಣ ಸ್ಕ್ರಿಪ್ಟ್ ಆದರೆ ಆ್ಯಪ್ ಪಾಸ್‌ವರ್ಡ್ ಸಾಕು, ಅದಕ್ಕೆ ಇಡೀ ಓಆಥ್ ಹೊರಿಸುವುದು ಸೊಳ್ಳೆ ಹೊಡೆಯಲು ಕೊಡಲಿ ತಂದ ಹಾಗೆ. ಕೀಲಿಯನ್ನು ಕೋಡ್ ಕಡತದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ಗೆ ಏರಿಸುವುದು ಈಗಲೂ ನಡೆಯುವ ತಪ್ಪು. ಏರಿಸಿದ ಮೇಲೆ ಅಳಿಸಿದರೂ ಹಳೆಯ ಆವೃತ್ತಿಯಲ್ಲಿ ಉಳಿದಿರುತ್ತದೆ, ಕೀಲಿಯನ್ನೇ ರದ್ದು ಮಾಡಬೇಕು.

ಡೆವಲಪರ್ ಅಲ್ಲದ ಓದುಗರಿಗೂ ಮಾಡಲು ಒಂದು ಕೆಲಸವಿದೆ. ನಿಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ (ಹಿಂದಿನ ಟ್ವಿಟ್ಟರ್) ಖಾತೆಗಳ ಸೆಟ್ಟಿಂಗ್ಸ್‌ಗೆ ಹೋಗಿ ‘ಸಂಪರ್ಕಿತ ಆ್ಯಪ್‌ಗಳು’ ಅಥವಾ ಅಂಥದೇ ಹೆಸರಿನ ಪಟ್ಟಿ, ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ ಆದ ಸಾಧನಗಳು’ ಎಂಬ ಪಟ್ಟಿ ತೆರೆದು ನೋಡಿ. ಎಂದೋ ಅನುಮತಿ ಕೊಟ್ಟು ಮರೆತ ಹೆಸರುಗಳು ಅಲ್ಲಿ ಇನ್ನೂ ಕೂತಿರುತ್ತವೆ. ಗುರುತು ಹತ್ತದ್ದನ್ನು ಇವತ್ತೇ ತೆಗೆದುಹಾಕಿ.